ಗಾಳೆಪ್ಪ ನೀರಿನ ತಿರುಪು ಹಿಡಿದದ್ದು

ಆ ಮೇಜಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ಜಾಡುಗಲ್ಲು? ಅಲ್ಲ, ಕಲ್ಲಲ್ಲ ಅದು, ಮರದ್ದು. ಜಾಲುಮಣೆ? ಅದೂ ಅಲ್ಲ. ತಡೆ ನೀಲಾ, ಇನ್ನೂ ಬರೆದುಕೊಳ್ಳಬೇಡ, ನಾಲಿಗೆಯ ತುದಿಗೆ ಬಂದು ಕೂತಿದೆ, ಇಳಿಯಲೊಲ್ಲದು. ಈ ಊರಿನಲ್ಲಿ ಯಾರನ್ನಾದರೂ ಕೇಳೋಣವೆಂದರೆ ಇಲ್ಲಿಯವರಿಗೆ ಮೀನಿನ ಹೆಸರು ರಾಶಿ ಗೊತ್ತು, ಬಂಗಾರ ತೊಳೆಯುವ ಮೇಜಿನ ಹೆಸರು ಒಬ್ಬರಿಗೂ ಗೊತ್ತಿಲ್ಲ. ಹೋಗಲಿ, ಮೇಜು ಎಂದೇ ಕರೆಯೋಣ. ಕತೆಗೆ ಮೇಜಿನ ಹೆಸರು ಬೇಕಿಲ್ಲ, ಗಾಳೆಪ್ಪ ಇದ್ದರೆ ಸಾಕು.

ಗಾಳೆಪ್ಪ ಹುಲಿಗೆವ್ವನ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅದೇ ಅವಳ ಸಂಕಟ. ನಾನು ಬರುವ ತನಕ ಎಮ್ಮೆಯ ಹಗ್ಗ ಬಿಡಬೇಡ ಎಂದು ಒಮ್ಮೆ ಹೇಳಿ ಹೋಗಿದ್ದಳು. ಎಮ್ಮೆ ಹೊಂಡಕ್ಕಿಳಿಯಿತು. ಇವನೂ ಇಳಿದ. ತಾಯಿ ಬಂದು ನೋಡುವಾಗ ನೀರಿನ ಮೇಲೆ ಎರಡು ಮೂಗು. ಒಂದು ಎಮ್ಮೆಯದು, ಒಂದು ಮಗನದು.

ಅವನ ಅಪ್ಪ ಗುಡ್ಡದ ಬುಡದ ಬಂಗಾರದ ಗಿರಣಿಯಲ್ಲಿ ನೀರಿನ ತಿರುಪು ಹಿಡಿಯುತ್ತಿದ್ದ. ಗಿರಣಿಯಲ್ಲಿ ಕಲ್ಲನ್ನು ಕುಟ್ಟಿ ಹಿಟ್ಟು ಮಾಡುತ್ತಾರೆ. ಆ ಹಿಟ್ಟು ಓರೆಯಾದ ಒಂದು ಉದ್ದ ಮೇಜಿನ ಮೇಲೆ ಬಂದು ಬೀಳುತ್ತದೆ. ಪಟ್ಟಿ ಕಟ್ಟಿದ ಚಕ್ರ ಆ ಮೇಜನ್ನು ಹಗಲೆಲ್ಲ ಅಲುಗಾಡಿಸುತ್ತದೆ. ಮೇಲಿನ ಕೊಳವೆಯಿಂದ, ಅದರ ತಿರುಪು ತಿರುಗಿಸಿದಷ್ಟು, ನೀರು ಇಳಿಯುತ್ತದೆ. ನೀರು ಹದವಾಗಿದ್ದರೆ ಹಗುರಾದ ಮರಳು ಕೆಳಗಿನ ಕಾಲುವೆಗೆ ಜಾರಿ, ಭಾರವಾದ ಬಂಗಾರ ಹಳದಿ ಗೆರೆಯಾಗಿ ಮೇಜಿನ ಮೇಲೇ ಉಳಿಯುತ್ತದೆ. ನೀರು ಹೆಚ್ಚಾದರೆ ಮರಳಿನ ಜೊತೆ ಬಂಗಾರವೂ ಹೋಯಿತು. ಕಡಿಮೆಯಾದರೆ ಬಂಗಾರದ ಜೊತೆ ಮರಳೂ ಕೂತಿತು. ತಿರುಪು ಹಿಡಿದವನ ಕೈಯಲ್ಲೇ ಎಲ್ಲ.

ಅಪ್ಪ ತೀರಿಕೊಂಡ. ಗಿರಣಿಯಲ್ಲಿ ದುಡಿಯುವವರಿಗೆ ಮಾತ್ರ ಲೈನ್ ಮನೆಯಲ್ಲಿ ಕೋಣೆ. ದುಡಿಯುವವನು ಹೋದ, ಕೋಣೆ ಖಾಲಿ ಮಾಡು ಎಂದರು. ಹುಲಿಗೆವ್ವನಿಗೆ ಹಿಂದೆ ಇಲ್ಲ ಮುಂದೆ ಇಲ್ಲ, ಇರುವುದೊಂದೇ ಕೋಣೆ. ಮೇಸ್ತ್ರಿ ಮೌಲಾಸಾಬನ ಕೈಕಾಲು ಹಿಡಿದು ಮಗನನ್ನು ಅಪ್ಪನ ಜಾಗಕ್ಕೆ ನಿಲ್ಲಿಸಿದಳು. ಗಾಳೆಪ್ಪ ತಿರುಪು ಹಿಡಿದಿರುವ ತನಕ ಹುಲಿಗೆವ್ವ ಆ ಕೋಣೆಯಲ್ಲಿ ಒಲೆ ಹಚ್ಚಬಹುದು. ತಿರುಪು ಕೈತಪ್ಪಿದ ದಿನ ಒಲೆ ಬೀದಿಯಲ್ಲಿ.

ಮೊದಲ ದಿನ ಮೇಸ್ತ್ರಿ ಅವನನ್ನು ಮೇಜಿನ ಹತ್ತಿರ ನಿಲ್ಲಿಸಿದ. ನೀರು ಬಿಟ್ಟು ಮೇಜು ನೋಡುತ್ತಾ ಇರು ಎಂದು ಹೇಳಿ ಹೋದ. ಗಾಳೆಪ್ಪ ತಿರುಪು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ, ನೀರು ಬಿಟ್ಟು, ನೋಡುತ್ತಾ ನಿಂತ. ಮರಳು ಹೋಯಿತು, ನೋಡಿದ. ಬಂಗಾರ ಹೋಯಿತು, ಅದನ್ನೂ ನೋಡಿದ. ಮೇಸ್ತ್ರಿ ಬಂದಾಗ ಮೇಜು ಉಂಡು ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು.

"ನೋಡ್ತಾ ಇರು ಅಂದಿದ್ದೆನಲ್ಲೋ," ಎಂದ ಮೇಸ್ತ್ರಿ.

"ಪೂರಾ ಹೋಗೋ ತನಕ ನೋಡೀನಿ ಮೇಸ್ತ್ರಿ, ಕಣ್ಣು ಮಿಟುಕಿಸಿಲ್ಲ."

ಸಂಜೆ ಸುದ್ದಿ ಕೇಳಿ ಹುಲಿಗೆವ್ವ ಹಣೆ ಗಟ್ಟಿಸಿಕೊಂಡಳು. "ಹಂಗಲ್ಲೋ ನನ್ನಪ್ಪಾ. ನೀರು ಭರ್‌ ಅಂತ ಬರೋದು ಕಂಡರ ಓಡಿ ಹೋಗಿ ತಿರುಪು ಮುಚ್ಚಬೇಕು."

"ಆತು ಯವ್ವಾ, ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಮರುದಿನ ಗಿರಣಿಯ ಕಮ್ಮಾರನ ಗುಡಿಸಲಿಗೆ ಕಿಡಿ ಹಾರಿ ಹುಲ್ಲಿನ ಸೂರು ಹತ್ತಿಕೊಂಡಿತು. ಆಳುಗಳು ಕೊಳವೆಗೆ ದಪ್ಪ ಪೈಪು ಸಿಕ್ಕಿಸಿ ಸೂರಿನ ಮೇಲೆ ನೀರು ಹಾರಿಸತೊಡಗಿದರು. ಭರ್‌ ಎಂದು ನೀರು. ಗಾಳೆಪ್ಪ ಕಂಡ. ಅವ್ವ ಹೇಳಿದ್ದು ನೆನಪಾಯಿತು. ಓಡಿ ಹೋಗಿ ತಿರುಪು ಮುಚ್ಚಿದ, ಯಾರೂ ತೆರೆಯದ ಹಾಗೆ ಅದರ ಮೇಲೆ ಕೂತೂ ಬಿಟ್ಟ. ಆಳುಗಳ ಕೈಯಲ್ಲಿ ಪೈಪು ಸತ್ತ ಹಾವಿನಂತೆ ಜೋತುಬಿತ್ತು. ಅವನನ್ನು ಎಳೆದು ಕೆಳಗಿಳಿಸುವಷ್ಟರಲ್ಲಿ ಗುಡಿಸಲೂ ಕೆಳಗಿಳಿದಿತ್ತು. ಉಳಿದದ್ದು ಅಡೆಗಲ್ಲು, ಸುತ್ತಿಗೆ, ಮತ್ತೆ ಬಾಯಿಗೆ ಬಂದಂತೆ ಬೈಯುವ ಕಮ್ಮಾರ.

ಹುಲಿಗೆವ್ವ ಅಂದು ಊಟ ಬಡಿಸಲಿಲ್ಲ, ಬರೀ ಬೈದಳು. ಬೈದು ಬೈದು ದಣಿದು, ಹಸಿದ ಮಗನ ಮುಖ ನೋಡಿ, ರೊಟ್ಟಿ ಮುಂದಿಟ್ಟು ಹೇಳಿದಳು. "ಹಂಗಲ್ಲೋ ನನ್ನಪ್ಪಾ. ಬೆಂಕಿ ಕಂಡಲ್ಲಿ ನೀರು ಸುರೀಬೇಕು. ಕೈಗೆ ಎಷ್ಟು ಸಿಗತೈತಿ ಅಷ್ಟು."

"ಆತು ಯವ್ವಾ, ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ವಾರದ ಕೊನೆಗೆ ಮೇಜಿನ ಮೇಲೆ ಕೂಡಿದ ಬಂಗಾರದ ಮರಳನ್ನು ಕಬ್ಬಿಣದ ಬಾಣಲೆಗೆ ಹಾಕಿ ಕೆಂಡದ ಮೇಲೆ ಒಣಗಿಸುವುದು ಪದ್ಧತಿ. ಒದ್ದೆ ಮರಳು ಕರಗಿಸಲು ಬಾರದು. ಮೌಲಾಸಾಬ ಬಾಣಲೆ ಇಟ್ಟು ಚಾ ಕುಡಿಯಲು ಹೋದ. ಗಾಳೆಪ್ಪ ಆ ಕಡೆ ಹಾದ. ಬೆಂಕಿ ಕಂಡಿತು. ಕೈಗೆ ಸಿಕ್ಕಿದ್ದು ದೊಡ್ಡ ಹಂಡೆ. ತುಂಬ ನೀರು ತಂದು ದಡಾರ್‌ ಎಂದು ಸುರಿದ. ಬಾಣಲೆ ಮಗುಚಿತು, ವಾರದ ಬಂಗಾರ ಬೂದಿಯಲ್ಲಿ ಬೆರೆತು ಮೋರಿಯ ದಾರಿ ಹಿಡಿಯಿತು. ಚಾ ಲೋಟದೊಡನೆ ಓಡಿ ಬಂದ ಮೇಸ್ತ್ರಿಗೆ, ಹೆದರಬೇಡ, ಆರಿಸಿದ್ದೇನೆ ಎಂದು ಗಾಳೆಪ್ಪನೇ ಸಮಾಧಾನ ಹೇಳಿದ. ಆಮೇಲೆ ಲೈನಿನ ಹೆಂಗಸರೆಲ್ಲ ಮೋರಿಯ ಕೆಸರು ಬಾಚಿ ಬಾಚಿ ತೊಳೆದರು. ಅರ್ಧ ಸಿಕ್ಕಿತು. ತೊಳೆದವರು ಹುಲಿಗೆವ್ವನಿಗೆ ಕೇಳುವಂತೆಯೇ ಅವಳ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಹೊಗಳಿದರು.

ಅವಳು ಮಗನನ್ನು ಕೂರಿಸಿಕೊಂಡು, ಸಿಟ್ಟು ಮಾಡಿದರೆ ತಲೆಗೆ ಹೋಗುವುದಿಲ್ಲವೆಂದು, ಮೆತ್ತಗೆ ತಿಳಿಸಿದಳು. "ಹಂಗಲ್ಲೋ ನನ್ನಪ್ಪಾ. ಬಂಗಾರದ ಮರಳು ಅಂದರ ಎಳೆಗೂಸು ಇದ್ದಂಗ. ಎಳೆಗೂಸಿಗೆ ನೀರು ಹಾಕಿದಂಗ ಹಾಕಬೇಕು."

"ಆತು ಯವ್ವಾ, ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಎಳೆಗೂಸಿಗೆ ನೀರು ಹಾಕುವುದನ್ನು ಗಾಳೆಪ್ಪ ನೋಡಿದ್ದ. ಪಕ್ಕದ ಕೋಣೆಯ ಬಾಣಂತಿಗೆ ದಿನಾ ಅವನೇ ನೀರು ಹೊತ್ತು ಕೊಡುತ್ತಿದ್ದ. ಮರುದಿನ ಅವ್ವನ ಹರಳೆಣ್ಣೆಯ ಗಿಂಡಿ, ಕಡಲೆಹಿಟ್ಟು, ಲೋಬಾನ, ಕಾಡಿಗೆ ಎಲ್ಲ ಬಗಲಲ್ಲಿ ಕಟ್ಟಿಕೊಂಡು ಗಿರಣಿಗೆ ಹೋದ. ಮೇಜಿನ ಮೇಲಿನ ಮರಳಿಗೆ ಅಂಗೈತುಂಬ ಎಣ್ಣೆ ಹಚ್ಚಿ ನೆತ್ತಿ ತಟ್ಟಿದ. ಮೂಗು ಕಾಣಲಿಲ್ಲ, ಇರಬಹುದಾದ ಜಾಗ ತೀಡಿದ. ಹಿಟ್ಟು ಹಚ್ಚಿ ತಿಕ್ಕಿದ. ಕಣ್ಣಿಗೆ ಹೋಗಬಾರದೆಂದು ಅಂಗೈ ಅಡ್ಡ ಹಿಡಿದು ಬಿಸಿನೀರು ಹಾಕಿದ.

ಈಗ ನೋಡು, ಎಣ್ಣೆ ಹತ್ತಿದ ಬಂಗಾರದ ಪುಡಿ ಮುಳುಗುವುದಿಲ್ಲ. ಎಣ್ಣೆಯ ಜೊತೆ ನೀರಿನ ಮೇಲೆ ತೇಲುತ್ತದೆ. ಭಾರವಾದದ್ದು ಇಷ್ಟು ದಿನ ಮೇಜಿನ ಮೇಲೆ ಗಟ್ಟಿಯಾಗಿ ಕೂತಿತ್ತಲ್ಲ, ಅಂದು ಎಣ್ಣೆ ಸ್ನಾನ ಮಾಡಿ ಹಗುರಾಗಿ, ಥಳಥಳ ಹೊಳೆಯುತ್ತಾ, ಎಲ್ಲರ ಎದುರಿಗೇ ಕಾಲುವೆಗೆ ಹೊರಟುಹೋಯಿತು. ಗಾಳೆಪ್ಪ ಅದನ್ನು ಕಾಣಲಿಲ್ಲ. ಅವನು ಲೋಬಾನದ ಹೊಗೆ ಹಾಕುತ್ತಿದ್ದ. ಉಳಿದ ಮರಳಿಗೆ ದೃಷ್ಟಿಬೊಟ್ಟು ಇಟ್ಟ. ಬಿಳಿ ಪಂಚೆ ಹೊದಿಸಿದ. ಆಮೇಲೆ ಕಲ್ಲು ಕುಟ್ಟುವ ಸದ್ದು ಕಿವಿಗೆ ಬಿತ್ತು. ಗಿರಣಿಯನ್ನೆಲ್ಲ ಓಡಿಸುವ ದೊಡ್ಡ ಚಕ್ರದ ಪಟ್ಟಿಯನ್ನು ಕಳಚಿಬಿಟ್ಟ.

ಹಗಲಿಡೀ ದಡಬಡ ಎನ್ನುವ ಗಿರಣಿ ಒಮ್ಮೆಗೇ ಮೌನವಾದರೆ ಲೈನಿನವರಿಗೆಲ್ಲ ಎದೆ ಧಸಕ್ಕೆನ್ನುತ್ತದೆ. ಯಾರೋ ಸತ್ತರೆಂದುಕೊಂಡು ಜನ ಓಡಿ ಬಂದರು. ಮುಂದೆ ಮೌಲಾಸಾಬ, ಹೊಟ್ಟೆ ಅಲುಗಿಸುತ್ತಾ, ಏದುತ್ತಾ.

ಗಾಳೆಪ್ಪ ತುಟಿಯ ಮೇಲೆ ಬೆರಳಿಟ್ಟ. "ಮೆತ್ತಗ ಮೇಸ್ತ್ರಿ. ಈಗಷ್ಟೇ ಕಣ್ಣು ಮುಚ್ಚೈತಿ."

ಅಂದು ಸಂಜೆ ಮೌಲಾಸಾಬನೇ ಕೋಣೆಗೆ ಬಂದ. ನಾಡಿದ್ದು ಧಣಿ ಗಿರಣಿ ನೋಡಲು ಬರುತ್ತಾರೆ, ಬಂಗಾರ ಏಕೆ ಕಡಿಮೆಯಾಯಿತೆಂದು ಕೇಳಿಯೇ ಕೇಳುತ್ತಾರೆ, ಅವರೆದುರು ಇವನು ಇನ್ನೊಂದು ತಪ್ಪು ಮಾಡಿದರೆ ಅಲ್ಲಿಂದಲೇ ಬಂದು ಈ ಬಾಗಿಲಿಗೆ ಬೀಗ ಹಾಕುತ್ತೇನೆ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹುಲಿಗೆವ್ವನಿಗೆ ಹೆದರಿಕೆಯಾಯಿತು.

ಮಲಗಲು ಹೊರಟ ಮಗನನ್ನು ಹಿಡಿದು ಕೂರಿಸಿದಳು. ಈ ಸಲ ಕೂಸು ಇಲ್ಲ, ಬೆಂಕಿ ಇಲ್ಲ, ಯಾವ ಹೋಲಿಕೆಯೂ ಇಲ್ಲ. ಬರೀ ಕೆಲಸದ ಮಾತು. "ಭಾರ ಇದ್ದದ್ದು ಉಳಿಸ್ಕೋ. ಹಗುರ ಇದ್ದದ್ದು ನೀರಿಗೆ ಬಿಡು. ಇದೊಂದು ತಿಳೀತು ಅಂದರ ನಿನಗ ಎಲ್ಲಾ ತಿಳೀತು."

"ಆತು ಯವ್ವಾ, ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಭಾರ ಉಳಿಸು, ಹಗುರ ಬಿಡು. ಭಾರ ಉಳಿಸು, ಹಗುರ ಬಿಡು. ಹಲ್ಲುಜ್ಜುವಾಗಲೂ ಅದೇ, ರೊಟ್ಟಿ ತಿನ್ನುವಾಗಲೂ ಅದೇ. ಧಣಿ ಬರುವ ಹೊತ್ತಿಗೆ ಅವನಿಗದು ಉಸಿರಿನಂತೆ ಆಗಿತ್ತು.

ಧಣಿ ಬಂದರು. ಕಡ್ಡಿಯಂಥ ಮನುಷ್ಯ, ಜೋರು ಗಾಳಿಗೆ ಕೊಡೆ ಬಿಚ್ಚಲು ಹೆದರುವಂಥವರು. ಪಕ್ಕದಲ್ಲಿ ಮೌಲಾಸಾಬ, ಎರಡು ಚೀಲ ಜೋಳ ಹೊಲಿದು ನಿಲ್ಲಿಸಿದ ಹಾಗೆ. ಗಾಳೆಪ್ಪನ ಮೇಜು ಅಂದು ಚೆನ್ನಾಗಿಯೇ ಓಡುತ್ತಿತ್ತು. ಹಳದಿ ಗೆರೆ ಕಾಣುತ್ತಿತ್ತು. ಮೌಲಾಸಾಬನಿಗೆ ಹೋದ ಜೀವ ಬಂದಂತಾಗಿ, ಧಣಿಯನ್ನು ಮರಳು ಹೋಗುವ ಕಾಲುವೆ ತೋರಿಸಲು ಕರೆದೊಯ್ದ. ಕಾಲುವೆಗೆ ಅಡ್ಡ ಒಂದು ಹಲಗೆ. ಧಣಿ ಕಾಲಿಟ್ಟರು, ಹಲಗೆ ಸುಮ್ಮನಿತ್ತು. ಮೌಲಾಸಾಬ ಕಾಲಿಟ್ಟ.

ಇಬ್ಬರೂ ನೀರಿನಲ್ಲಿ. ಆಳವಿಲ್ಲ, ಆದರೆ ಓಟವಿತ್ತು, ಜಾರಿಕೆಯಿತ್ತು. ಕೂಗು ಕೇಳಿ ಓಡಿ ಬಂದ ಗಾಳೆಪ್ಪನತ್ತ ಇಬ್ಬರೂ ಕೈ ಚಾಚಿದರು. ಗಾಳೆಪ್ಪ ದಡದಲ್ಲಿ ನಿಂತು ಮೊದಲು ಧಣಿಯನ್ನು ನೋಡಿದ, ಆಮೇಲೆ ಮೌಲಾಸಾಬನನ್ನು ನೋಡಿದ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೌಲಾಸಾಬನ ರಟ್ಟೆ ಹಿಡಿದು, ಹಲ್ಲು ಕಚ್ಚಿ, ಎಳೆದು ದಡಕ್ಕೆ ಹಾಕಿದ. ಧಣಿ ಅಂಚಿನ ಕಲ್ಲು ಹಿಡಿದುಕೊಂಡು ಇನ್ನೂ ಹೋಗದೆ ಉಳಿದಿದ್ದರು. ನೀರು ಸಾಲದೆಂದು ಗಾಳೆಪ್ಪ ಒಳಗೆ ಓಡಿ ತಿರುಪು ಇನ್ನೆರಡು ಸುತ್ತು ಬಿಟ್ಟು ಬಂದ.

"ಹೋಗಿ ಬರ್ರಿ ಧಣೀ," ಎಂದ, ಕೈ ಮುಗಿದು.

ಧಣಿ ಹೋದರು. ಟೋಪಿ ಮುಂದೆ, ಅವರು ಹಿಂದೆ, ಕಾಲುವೆಯ ತುದಿಯ ಕೆಸರುಹೊಂಡದವರೆಗೆ. ಗಿರಣಿಯ ಜನರೆಲ್ಲ ಕೆಲಸ ಬಿಟ್ಟು ಹೊಂಡದತ್ತ ಓಡಿದರು.

ಮಗನಿಗೆ ಬುತ್ತಿ ತಂದ ಹುಲಿಗೆವ್ವ ಆ ಹೊತ್ತಿಗೆ ಗಿರಣಿಯ ಬಾಗಿಲಲ್ಲಿದ್ದಳು. ಎಲ್ಲವನ್ನೂ ಕಂಡಳು. ಕೋಣೆ ಹೋಯಿತು ಎಂದುಕೊಂಡಳು. ಒಳಗೆ ಮೇಜು ಒಂದೇ ಅಲುಗಾಡುತ್ತಿತ್ತು, ನೀರು ಉಕ್ಕಿ ಹರಿಯುತ್ತಿತ್ತು, ಹಳದಿ ಗೆರೆ ಕದಲಿ ಕೆಳಗೆ ಜಾರತೊಡಗಿತ್ತು. ಉಪ್ಪಿಟ್ಟು ಸೀಯುವುದನ್ನು ಕಂಡು ಯಾವ ಹೆಂಗಸು ಸುಮ್ಮನಿರುತ್ತಾಳೆ? ಬುತ್ತಿ ಕೆಳಗಿಟ್ಟು ತಿರುಪಿಗೆ ಕೈ ಹಾಕಿದಳು. ಸ್ವಲ್ಪ ಇಳಿಸಿದಳು, ನೋಡಿದಳು, ಇನ್ನೂ ಸ್ವಲ್ಪ ಇಳಿಸಿದಳು. ಗೆರೆ ನಿಂತಿತು.

ತಲೆಯಿಂದ ಕಾಲಿನವರೆಗೆ ಬೂದುಬಣ್ಣದ ಕೆಸರು ಮೆತ್ತಿಕೊಂಡ ಧಣಿ ಬೀಗ, ಬೀಗ ಎಂದು ಕೂಗುತ್ತಾ ಒಳಗೆ ಬಂದರು. ಮೇಜಿನ ಹತ್ತಿರ ಬಂದು ಸುಮ್ಮನಾದರು. ಎಷ್ಟಾದರೂ ಬಂಗಾರದ ಮನುಷ್ಯ, ಕಣ್ಣಿನ ಕೆಸರು ಒರೆಸಿಕೊಂಡು ಮೊದಲು ಆ ಗೆರೆ ನೋಡಿದರು. ಆಮೇಲೆ ತಿರುಪಿನ ಮೇಲಿದ್ದ ಕೈ. ಮೌಲಾಸಾಬ ಹಿಂದಿನಿಂದ ಮೆಲ್ಲಗೆ, ಇವಳೂ ಅದೇ ಕೋಣೆಯವಳೇ ಎಂದ.

"ನೀನು ತಿರುಪು ಹಿಡಿ, ಕೋಣೆ ನಿನಗಿರಲಿ," ಎಂದರು ಧಣಿ. "ಆ ನಿನ್ನ ಮಗ ಮಾತ್ರ ಗಿರಣಿಯ ನೀರಿನ ಕಡೆ ತಲೆ ಹಾಕಿ ಮಲಗಲೂ ಕೂಡದು."

ಅಂದು ಹುಲಿಗೆವ್ವ ಬೈಯಲಿಲ್ಲ. ಬೈಯುವಷ್ಟು ದುಃಖ ಉಳಿದಿರಲಿಲ್ಲ. "ಹಂಗಲ್ಲೋ ನನ್ನಪ್ಪಾ," ಎಂದಳು, ನಗು ತಡೆದುಕೊಂಡು. "ನಾನು ಹೇಳಿದ್ದು ಮನುಷ್ಯರಿಗಲ್ಲ. ಕಲ್ಲು ಬೆರೆತದ್ದು ಏನಾರ ಇದ್ದರ, ಅದಕ್ಕ ಮಾತ್ರ."

"ಆತು ಯವ್ವಾ, ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಮರುದಿನದಿಂದ ಅವ್ವ ಗಿರಣಿಗೆ, ಮಗ ಒಲೆಗೆ. ಕೋಣೆ ಉಳಿಯಿತಲ್ಲ, ಅದಕ್ಕೆ ಅನ್ನ ಉಣ್ಣೋಣವೆಂದು ಹುಲಿಗೆವ್ವ ಅಂಗಡಿಯಿಂದ ಅಕ್ಕಿ ತಂದಿಟ್ಟಳು. ದಿನಾ ಜೋಳ ತಿನ್ನುವ ಮನೆಯಲ್ಲಿ ಅಕ್ಕಿ ಎಂದರೆ ಹಬ್ಬ. ಅಕ್ಕಿಯ ತುಂಬ ಕಲ್ಲಿದೆ, ಚೆನ್ನಾಗಿ ತೊಳೆದು, ಬೇರೆ ಮಾಡಿ, ಬೇಯಿಸಿಡು ಎಂದು ಹೇಳಿ ಹೋದಳು.

ದಿನವೆಲ್ಲ ನೀರಿನಲ್ಲಿ ನಿಂತು, ಕೈಕಾಲು ಸುಕ್ಕುಗಟ್ಟಿ, ಹಸಿದು ಬಂದಳು. ಕೋಣೆ ಗುಡಿಸಿತ್ತು. ತಟ್ಟೆ ಇಟ್ಟಿತ್ತು. ಒಲೆಯ ಮೇಲೆ ಗಡಿಗೆ ಕೊತಕೊತ ಕುದಿಯುತ್ತಿತ್ತು. ಬಾಗಿಲ ಮುಂದಿನ ಮೋರಿಯಲ್ಲಿ ಮಾತ್ರ ಲೈನಿನ ಕೋಳಿಗಳೆಲ್ಲ ಸೇರಿ ಗದ್ದಲ ಮಾಡುತ್ತಿದ್ದವು.

ಹುಲಿಗೆವ್ವ ಮುಚ್ಚಳ ತೆಗೆದಳು. ಗಡಿಗೆಯ ತಳದಲ್ಲಿ ಒಂದು ಹಿಡಿ ಕಲ್ಲು. ಕರಿಯವು, ಕೆಂಪಿನವು, ಒಂದೊಂದೂ ಹೊಳೆಯುವ ಹಾಗೆ ತೊಳೆದವು.

"ಹಗುರಂದು ಒಂದು ಕಾಳೂ ಉಳಿಸಿಲ್ಲ ಯವ್ವಾ," ಎಂದ ಗಾಳೆಪ್ಪ. ಬೆವರು ಒರೆಸಿಕೊಂಡು ಸೌಟಿನಿಂದ ಒಂದು ಕಲ್ಲು ಎತ್ತಿ ಬೆರಳಲ್ಲಿ ಹಿಚುಕಿ ನೋಡಿದ. "ಇನ್ನೊಂದು ಕುದಿ ಬರಲಿ, ತಡಿ. ಉಪ್ಪು ಹಾಕೀನಿ."

ಹುಲಿಗೆವ್ವ ಹಂಗಲ್ಲೋ ಎನ್ನಲು ಬಾಯಿ ತೆರೆದಳು. ಮಗ ಕಿವಿ ನಿಮಿರಿಸಿಕೊಂಡು ಎದುರಿಗೆ ಕೂತಿದ್ದ. ಇಂದು ಏನು ಹೇಳಿದರೂ ನಾಳೆ ಅದನ್ನು ಮಾಡುವವನು. ಅವಳು ಬಾಯಿ ಮುಚ್ಚಿಕೊಂಡಳು, ತಟ್ಟೆಯ ಮುಂದೆ ಕೂತಳು, ಬಡಿಸು ಎಂದೂ ಹೇಳಲಿಲ್ಲ.

ಏನೂ ಹೇಳಲಿಲ್ಲ. ಅದನ್ನು ಹಾಗೆಯೇ ಬರೆದುಕೋ ನೀಲಾ, ನೀನು ಏನೂ ಸೇರಿಸಬೇಡ.