ತಲೆಯ ಕೆಳಗಿನ ಎಡಗೈ

ಹಿರೇಕಣವಿಯ ಮಠದ ಹಿಂದಿನ ಗರಡಿಯಲ್ಲಿ ಈಗ ಸಾಮು ಮಾಡುವವರಿಲ್ಲ. ಪೂಜ್ಯ ಶ್ರೀ ಅಡವಯ್ಯ ಅಜ್ಜನವರು ಇದ್ದ ಕಾಲವೇ ಬೇರೆ. ಬೆಳಗಾದರೆ ತೊಡೆ ತಟ್ಟುವ ಸದ್ದು ಕೇಳುತ್ತಿತ್ತು, ಎಣ್ಣೆ ಮಜ್ಜಿಗೆ ಕುಡಿದ ಕೆಂಪು ಮಣ್ಣಿನ ವಾಸನೆ ಓಣಿಯವರೆಗೂ ಬರುತ್ತಿತ್ತು. ಅಜ್ಜನವರು ಗರಡಿಯ ಕಲ್ಲುಮೆಟ್ಟಿಲ ಮೇಲೆ ಕುಳಿತು ಜಪ ಮಾಡುತ್ತಿದ್ದರು. ಆ ದಿನಗಳನ್ನು ನೆನೆದರೆ ಮುದುಕ ಭರಮಪ್ಪ ಪೈಲವಾನನ ಕಣ್ಣು ಇಂದಿಗೂ ತೇವಗೊಳ್ಳುತ್ತದೆ.

ಹರೆಯದಲ್ಲಿ ಭರಮಪ್ಪನ ಪಟ್ಟಿಗೆ ಸಿಕ್ಕವರ ಬೆನ್ನಿಗೆ ಮಣ್ಣು ತಪ್ಪುತ್ತಿರಲಿಲ್ಲ. ಹದಿನೈದು ವರ್ಷದ ಸಾಧನೆ ಮೈಯಲ್ಲಿ ಇಳಿದು, ಮನಸ್ಸು ಹೇಳುವ ಮೊದಲೇ ಕೈ ಕೆಲಸ ಮುಗಿಸುತ್ತಿತ್ತು. ಅದೇ ಮುಳುವಾಯಿತು. ಒಂದು ದಿನ ಅಕ್ಕರೆಯಿಂದ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ ಒಡಹುಟ್ಟಿದ ಅಣ್ಣನನ್ನೇ, ಯಾರೆಂದು ನೋಡುವುದರೊಳಗೆ ಎತ್ತಿ ಒಗೆದಿದ್ದ. ತಲೆ ಹಾಸುಗಲ್ಲಿಗೆ ಬಡಿದು ಅಣ್ಣನಿಗೆ ಒಂದು ಕಿವಿ ಕೇಳದಾಯಿತು. ಅಣ್ಣನೇನೋ ಕ್ಷಮಿಸಿದ. ಆದರೆ ಭರಮಪ್ಪ ಅಂದಿನಿಂದ ತನ್ನ ಹಸುಗೂಸು ಗೌರವ್ವನನ್ನು ಮುಟ್ಟಲಿಲ್ಲ.

“ಅಜ್ಜಾರ, ಈ ಕೈ ನನ್ನ ಮಾತು ಕೇಳವಲ್ಲವು. ಕಲ್ತದ್ದೆಲ್ಲಾ ಮರೆಯೂಹಂಗ ಏನರ ಮಾಡ್ರಿ,” ಎಂದು ಅಜ್ಜನವರ ಪಾದ ಹಿಡಿದ.

ಅಜ್ಜನವರು ಕೇಳಿದರು, “ಒಗಿಯೂದು ಎಷ್ಟು ಸಲ ಕಲಿಸೀದಿ ಅದಕ್ಕ?”

“ಲೆಕ್ಕ ಇಲ್ರೀ.”

“ಹಿಡಿಯೂದು?”

“ಒಮ್ಮಿಯೂ ಇಲ್ರೀ.”

“ನಾಳಿಂದ ಯಾರನ್ನ ಒಗದರೂ, ಅವರ ತಲಿ ನೆಲಕ್ಕ ಹತ್ತೂದರೊಳಗ ನಿನ್ನ ಎಡಗೈ ಕೆಳಗ ಇರಬೇಕು.”

ಭಸ್ಮವೋ ತಾಯಿತವೋ ಸಿಕ್ಕೀತೆಂದು ಬಂದವನಿಗೆ ಇದು ರುಚಿಸಲಿಲ್ಲ. ಆದರೂ ಗುರುವಾಕ್ಯ, ಮೀರುವಂತಿಲ್ಲ. ಮೊದಮೊದಲು ಕೈ ತಡವಾಗಿ ಹೋಗಿ ಬರಿ ಮಣ್ಣು ಹಿಡಿಯುತ್ತಿತ್ತು. “ಪೈಲವಾನಗ ಸೂಲಗಿತ್ತಿ ಕೆಲಸ ಸಿಕ್ತು ನೋಡ್ರಿ” ಎಂದು ಜೊತೆಯವರು ನಕ್ಕರು. ವರ್ಷ ಕಳೆದಂತೆ ನಗುವವರಿಗೇ ಬೇಸರ ಬಂತು, ಅವನು ಬಿಡಲಿಲ್ಲ. ಅತ್ತ ಮಗಳು ನಡೆಯುವುದನ್ನು ಕಲಿತಳು, ಮಾತು ಕಲಿತಳು. ಅಪ್ಪನ ತೊಡೆ ಮಾತ್ರ ಏರಲಿಲ್ಲ.

ಮೂರು ವರ್ಷವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಮೆಟ್ಟಿಲ ಬಳಿ ಬಗ್ಗಿ ಸಲಿಕೆ ತೊಳೆಯುತ್ತಿದ್ದಾಗ ಹೆಗಲ ಮೇಲೆ ಯಾರದೋ ಕೈ ಬಿತ್ತು. ಮೈ ತನ್ನ ಕೆಲಸ ಮಾಡಿಯೇಬಿಟ್ಟಿತು. ಎಚ್ಚೆತ್ತು ನೋಡಿದರೆ ಕಲ್ಲಿನ ಮೇಲೆ ಬಿದ್ದಿದ್ದವರು ಎಪ್ಪತ್ತೆಂಟರ ಅಜ್ಜನವರು! ಆದರೆ ಅವರ ತಲೆ ಕಲ್ಲಿಗೆ ತಾಕಿರಲಿಲ್ಲ. ನಡುವೆ ಅವನ ಎಡಗೈ ಇತ್ತು, ಗೆಣ್ಣುಗಳು ಸುಲಿದು ರಕ್ತ ಒಸರುತ್ತಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವನಿಗೇ ತಿಳಿಯದು.

“ಗೊತ್ತಿದ್ದೂ ಯಾಕ ಬಂದ್ರಿ ನನ್ನಪ್ಪಾ?” ಎಂದು ಅವನು ಗೋಳೋ ಎಂದು ಅತ್ತ.

ಅಜ್ಜನವರು ಬಿದ್ದಲ್ಲಿಂದಲೇ ನಕ್ಕರು. “ಹೋಗು, ಮಗಳನ್ನ ಎತ್ತಿಕೋ.”

ಮಣ್ಣು ಮೆತ್ತಿದ ಮೈಯಲ್ಲೇ ಅವನು ಮನೆಗೆ ಓಡಿದ. ಮೂರು ದಾಟಿದ ಗೌರವ್ವನನ್ನು ಎತ್ತಿಕೊಂಡಾಗ, ಈಗಷ್ಟೇ ಹುಟ್ಟಿದ ಕೂಸಿಗೆ ಹಿಡಿಯುವಂತೆ, ಅವನ ಎಡಗೈ ತಾನಾಗಿಯೇ ಹೋಗಿ ಅವಳ ತಲೆಯ ಹಿಂದೆ ನಿಂತಿತು.