ಕರಿಬೋರ ಕೊಟ್ಟ ಕಾಲಾಳು

“ಕಲ್ಲೂರುಕೋಟೆಯ ಪ್ರಜೆಗಳೇ, ಕೇಳಿರಿ! ರಾಜಕುಮಾರಿ ಪದುಮಲೆಯವರನ್ನು ಚದುರಂಗದಲ್ಲಿ ಸೋಲಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಆಟದ ನಡುವೆ ಮೂರು ಒಗಟು ಕೇಳುತ್ತಾರೆ. ಆಟ ಸೋತರೂ ಒಗಟು ಸೋತರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ!”

ಡಂಗುರ ಕೇಳಿ ಮೊದಲು ಬಂದವನು ಸೇನಾಪತಿಯ ಮಗ.

“ಕೊಟ್ಟವನಿಗೆ ಬಲ, ತಿಂದವನಿಗೆ ಸಂಕಟ. ಏನದು?” ಎಂದಳು ಪದುಮಲೆ.

“ಏಟು!”

“ಕೊಟ್ಟವನಿಗೂ ಕೈನೋವೇ. ತಪ್ಪು.”

ಅವನು ಸೆರೆಮನೆ ಸೇರಿದ. ಮರುದಿನ ಮಂತ್ರಿಯ ಮಗ ಯೋಚಿಸಿ, “ಲಂಚ” ಎಂದ.

“ತಿಂದು ಸಂಕಟಪಟ್ಟವರನ್ನು ಈ ಆಸ್ಥಾನದಲ್ಲಿ ನಾನು ಕಂಡಿಲ್ಲ” ಎಂದಳು. ಅವನೂ ಸೆರೆಯಾದ.

ಮೂರನೆಯ ದಿನ ಬಂದವನು ಹೊಳೆ ದಾಟಿಸುವ ಅಂಬಿಗ ಕರಿಬೋರ. ಸಭೆ ನಕ್ಕಿತು.

“ಜೀವದ ಆಸೆ ಇಲ್ಲವೇನಯ್ಯ?” ಎಂದ ಅರಸ.

“ಇದೆ ಬುದ್ಧೀ. ಗೆಲ್ಲುತ್ತೇನೆ ಅನ್ನಿಸಿತು, ಬಂದೆ.”

ಎರಡನೆಯ ನಡೆಯಲ್ಲೇ ಅವನು ತನ್ನ ಕಾಲಾಳನ್ನು ಅವಳ ಕಾಲಾಳಿನ ಬಾಯಿಗೆ ದೂಡಿದ. ಪದುಮಲೆ ಅದನ್ನು ಹೊಡೆದು ಅದೇ ಮೊದಲ ಒಗಟು ಕೇಳಿದಳು.

“ನೀವು ಈಗ ಹೊಡೆದ ಕಾಲಾಳೇ ಅಮ್ಮಣ್ಣಿ. ಅದನ್ನು ಕೊಟ್ಟು ನನ್ನ ದಂಡಿಗೆ ದಾರಿ ಬಿಡಿಸಿಕೊಂಡೆ. ನೀವು ತಿಂದದ್ದಕ್ಕೆ ನಿಮ್ಮ ಅರಸನ ಮುಂದೆ ಬಾಗಿಲು ತೆರೆಯಿತು.”

ಅವನ ಕುದುರೆಗಳೂ ಮಂತ್ರಿಯೂ ಆ ಬಾಗಿಲಿಗೇ ನುಗ್ಗಿದವು. ಪದುಮಲೆ ನೆಟ್ಟಗೆ ಕುಳಿತಳು. “ಇಷ್ಟು ಅವಸರದ ಆಟ ಎಲ್ಲಿ ಕಲಿತೆ?”

“ಹೊಳೆದಂಡೆಯಲ್ಲಿ. ದೋಣಿ ತುಂಬುವುದರೊಳಗೆ ಗೆಲ್ಲಬೇಕು.”

“ಹಾಗಾದರೆ ಹೇಳು. ಎಲ್ಲರೂ ಅವನಿಗಾಗಿ ಸಾಯುತ್ತಾರೆ, ಅವನು ಇಡುವುದು ಒಂದೇ ಹೆಜ್ಜೆ. ಎಲ್ಲರಿಗಿಂತ ಹೆಚ್ಚು ಅಂಜುವವನೂ ಅವನೇ. ಯಾರು?”

“ಅರಸ.”

ಸಿಂಹಾಸನದ ಮೇಲಿದ್ದ ಅರಸನ ಕೈ ಕತ್ತಿಗೆ ಹೋಯಿತು.

“ಚದುರಂಗದ ಹಾಸಿನ ಮೇಲಿರುವ ಅರಸ, ಬುದ್ಧೀ.”

ಪದುಮಲೆಗೆ ನಗು ತಡೆಯಲಾಗಲಿಲ್ಲ. ಆದರೂ ಅವಳು ಸುಲಭಕ್ಕೆ ಬಗ್ಗುವವಳಲ್ಲ. ಅವನ ಆನೆಯನ್ನು ಹೊಡೆದಳು, ಮಂತ್ರಿಯನ್ನೂ ಹೊಡೆದಳು. ಇನ್ನೊಂದೇ ನಡೆ ಸಿಕ್ಕರೆ ಅವನ ಅರಸ ಸೆರೆ.

“ಕೊನೆಯ ಒಗಟು. ಅದು ಇರುವುದು ಒಂದೇ. ಇಬ್ಬರಲ್ಲಿ ಒಬ್ಬರ ಬಳಿ ಸದಾ ಇರುತ್ತದೆ. ಬಳಸಿದ ಕೂಡಲೇ ಎದುರಾಳಿಯದಾಗುತ್ತದೆ. ಏನದು?”

ಕರಿಬೋರ ಕುದುರೆಯ ಮೇಲೆ ಬೆರಳಿಟ್ಟ. “ಸರದಿ, ಅಮ್ಮಣ್ಣಿ. ಒಂದು ನಡೆ ಆದೊಡನೆ ಅದು ಕೈ ಬದಲಾಯಿಸುತ್ತದೆ. ಈಗ ಅದು ನನ್ನದು.”

ಕುದುರೆ ಹಾರಿತು. “ಶಹ!” ಅವಳ ಅರಸನಿಗೆ ಸರಿಯಲು ಒಂದು ಮನೆಯೂ ಉಳಿದಿರಲಿಲ್ಲ.

ಅರಸ ಎದ್ದು ಅಂಬಿಗನ ಭುಜದ ಮೇಲೆ ಕೈಯಿಟ್ಟ. “ಮಗಳು ನಿನ್ನವಳು, ಅರ್ಧ ರಾಜ್ಯವೂ ನಿನ್ನದು. ಇನ್ನೇನು ಬೇಕು?”

“ಸೆರೆಯಲ್ಲಿರುವ ಇಬ್ಬರನ್ನೂ ಬಿಟ್ಟುಬಿಡಿ, ಬುದ್ಧೀ.”

ಅರಸ ಒಪ್ಪಿದ. ಅಷ್ಟರಲ್ಲಿ ಪದುಮಲೆ ಕಾಯಿಗಳನ್ನು ಮತ್ತೆ ಸಾಲಾಗಿ ನಿಲ್ಲಿಸುತ್ತಿದ್ದಳು.

“ಅಪ್ಪಾಜಿ, ಮುಹೂರ್ತ ನೋಡಿಸಿ. ಅಲ್ಲಿಯವರೆಗೆ ಇವನು ಇಲ್ಲೇ ಕುಳಿತಿರಲಿ. ಈ ಸಲ ಮೊದಲ ನಡೆ ನನ್ನದು.”