ಹಲಗೆಯ ಮೇಲಿನ ನಾಲಿಗೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಪುಟ್ಟ ಕ್ರೈಸ್ತ ಪ್ರಾರ್ಥನಾಶ್ರಮ. ಅಲ್ಲಿ ಲೋವಿಸಮ್ಮ ಎಂಬ ಗುರು, ಸತ್ಯವೇದ, ಅಂದರೆ ಬೈಬಲ್, ಕಲಿಸುತ್ತಲೇ ಕೂದಲು ನರೆತವರು. ಅವರ ಬಳಿ ಕಲಿಯಲು ಬಂದವಳು ಸುಗಂಧಿ.

ಸುಗಂಧಿಗೆ ಮಾತು ಕಡಿಮೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಅದಕ್ಕೇ ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ದಿನಕ್ಕೊಂದು ವೇದವಾಕ್ಯ ಬರೆಯುವ ಕೆಲಸ ಅವಳದಾಗಿತ್ತು. ಬರೆದು, ಫೋಟೋ ತೆಗೆದು, ಸಭೆಯ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದಳು.

ಆ ವಾರ ಮೊದಲ ದಿನ, ಕಾಡನ್ನೇ ಸುಡುವ ಕಿಡಿಯಂಥ ನಾಲಿಗೆಯ ವಾಕ್ಯ. ಎರಡನೆಯ ದಿನ, ನಾಲಿಗೆಗೆ ಹಾಕಬೇಕಾದ ಕಡಿವಾಣದ ವಾಕ್ಯ. ಮೂರನೆಯ ದಿನ, ಸುಮ್ಮನೆ ಆಡಿದ ಮಾತಿಗೂ ದೇವರೆದುರು ಉತ್ತರ ಕೊಡಬೇಕೆಂಬ ವಾಕ್ಯ. ನಾಲ್ಕನೆಯ ದಿನ ಮತ್ತೆ ನಾಲಿಗೆಯೇ.

ಲೋವಿಸಮ್ಮ ಹಲಗೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

“ಈ ವಾರ ನಾಲಿಗೆಗೆ ಬಿಡುವೇ ಇಲ್ಲವಲ್ಲ, ಸುಗಂಧಿ?”

“ಎಲ್ಲ ವೇದದಲ್ಲಿ ಇರೋದೇ, ಅಮ್ಮ.”

“ಇರೋದೇ. ಯಾರಿಗೆ ಬರೆದೆ?”

“ಎಲ್ಲರಿಗೂ.”

“ಎಲ್ಲರ ಹೆಸರೇನು?”

ಸುಗಂಧಿ ಕೈಗೆ ಅಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡಳು.

“ದೀನಮ್ಮಕ್ಕ.”

ದೀನಮ್ಮ ಆಶ್ರಮದ ಅಡುಗೆಯವಳು. ಕಳೆದ ತಿಂಗಳು ಸುಗಂಧಿಯ ನಿಶ್ಚಿತಾರ್ಥ ಮುರಿದಿತ್ತು. ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಅವಳು ಅದನ್ನು ದೀನಮ್ಮನೊಬ್ಬಳಿಗೇ ಹೇಳಿದ್ದಳು. ಭಾನುವಾರ ಊರಿನ ಸ್ತ್ರೀಯರ ಕೂಟದಲ್ಲಿ ದೀನಮ್ಮ ಅದನ್ನು ಮೂವತ್ತು ಜನರ ಮುಂದೆ ಹೇಳಿದಳು. ಸುಗಂಧಿ ಹಿಂದಿನ ಸಾಲಿನಲ್ಲೇ ಇದ್ದಳು.

“ಎಲ್ಲರೂ ತಿರುಗಿ ನನ್ನ ಮುಖ ನೋಡಿದ್ರು, ಅಮ್ಮ. ಯಾರೋ ತಲೆ ಸವರಿದ್ರು. ಎದ್ದು ಓಡಿಹೋಗೋಣ ಅಂದ್ರೆ ಆ ರಾಶೀಲಿ ನನ್ನ ಚಪ್ಪಲೀನೇ ಸಿಗಲಿಲ್ಲ.”

ಲೋವಿಸಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನೋಯುವಂಥದ್ದೇ. ಅವಳಿಗೆ ಹೇಳಿದೆಯಾ?”

“ಬರೆದೆನಲ್ಲ.”

ಅಷ್ಟರಲ್ಲಿ ದೀನಮ್ಮ ಎರಡು ಲೋಟ ಟೀ ಹಿಡಿದು ಬಂದಳು.

“ಎಷ್ಟು ಚೆಂದ ವಾಕ್ಯ ಹಾಕ್ತಿದೀಯವ್ವ ಸುಗಂಧಿ! ನಾಲ್ಕನ್ನೂ ನಮ್ಮ ನಾದಿನಿಗೆ ಕಳಿಸಿದೆ. ಅವಳ ಬಾಯಿ ಅಂದ್ರೆ ಬಾಯಿ, ದೇವರೇ ಕಾಪಾಡಬೇಕು. ನಾಳೆನೂ ಇಂಥದ್ದೇ ಹಾಕು. ಇನ್ನೂ ಸ್ವಲ್ಪ ಖಾರ ಇರಲಿ.”

ಲೋಟ ಕೊಟ್ಟು ಹೋದಳು.

ಲೋವಿಸಮ್ಮ ನಕ್ಕ ರಭಸಕ್ಕೆ ಟೀ ಸೆರಗಿನ ಮೇಲೆ ಚೆಲ್ಲಿತು. ಸುಗಂಧಿ ನಗಲಿಲ್ಲ.

“ಅವಳಿಗೆ ತಾಗಲಿಲ್ಲ,” ಎಂದರು ಲೋವಿಸಮ್ಮ. “ತಾಗಿದ್ದು ಯಾರಿಗೆ ಅಂತ ನೋಡಿ ಬಾ. ನಿನ್ನ ಲೋಟ ಯೋನಪ್ಪನಿಗೆ ಕೊಡು.”

ಯೋನಪ್ಪ ಗೇಟು ಕಾಯುವ ಮುದುಕ. ಹೊಳೆಗೆ ಬಟ್ಟೆ ಒಗೆಯಲು ಹೋಗುವ ಹೆಂಗಸರನ್ನು ನಿಲ್ಲಿಸಿ ಹಲಗೆಯ ವಾಕ್ಯ ಓದಿ ಹೇಳುತ್ತಿದ್ದ. ಓದಿದ ಮೇಲೆ ಅವರ ಮಕ್ಕಳ ಪರೀಕ್ಷೆ, ಎಮ್ಮೆಯ ಹಾಲು, ಅತ್ತೆಯ ಕೆಮ್ಮು ಎಲ್ಲ ವಿಚಾರಿಸುತ್ತಿದ್ದ. ಎರಡು ದಿನದಿಂದ ಅವನ ದನಿ ಕೇಳಿರಲಿಲ್ಲ. ಪ್ರಾರ್ಥನೆಗೂ ಬಂದಿರಲಿಲ್ಲ.

ಸುಗಂಧಿ ಅವನ ಕೋಣೆಗೆ ಹೋದಾಗ ಅವನು ತಗಡಿನ ಟ್ರಂಕಿಗೆ ಅಂಗಿ ತುಂಬುತ್ತಿದ್ದ.

“ಅಜ್ಜಾ, ಟೀ. ಎಲ್ಲಿಗೆ ಹೊರಟ್ರಿ?”

“ರಾಣೆಬೆನ್ನೂರಿಗೆ. ಮಗಳ ಮನೆಗೆ. ಹನ್ನೊಂದರ ಬಸ್ಸಿಗೆ.”

“ಯಾವಾಗ ಬರ್ತೀರಿ?”

ಅವನು ಮಡಿಸಿದ ಅಂಗಿಯನ್ನೇ ಮತ್ತೆ ಮಡಿಸಿದ.

“ನೀನು ಬರೆದಿದ್ದು ಸುಳ್ಳಲ್ಲ, ತಂಗಿ. ನಾನು ವಟವಟ ಅನ್ನೋನೇ. ಹೆಂಡ್ತಿ ತೀರಿಕೊಂಡ ಮೇಲೆ ಗೇಟಿನ ಹತ್ರ ನಾಲ್ಕು ಜನ ಸಿಗ್ತಾರೆ ಅಂತ ಮಾತಾಡ್ತಿದ್ದೆ. ಹೆಚ್ಚಾಯ್ತೇನೋ. ಆದ್ರೆ ಅಮ್ಮ ಮುಖಕ್ಕೇ ಹೇಳಬಹುದಿತ್ತು. ನಿನ್ನ ಕೈಲಿ ದಿನಾ ಬರೆಸಬೇಕಿತ್ತಾ? ನನ್ನ ಬೈಗುಳ ನಾನೇ ಬರೋರಿಗೆಲ್ಲ ಓದಿ ಹೇಳಿದೀನಿ ನೋಡು.”

 ಸುಗಂಧಿ ಲೋಟ ಕಿಟಕಿಯಲ್ಲಿಟ್ಟು ಲೋವಿಸಮ್ಮನ ಬಳಿಗೆ ಓಡಿಬಂದಳು.

“ಅಮ್ಮ, ಅಜ್ಜ ಹೊರಟೇಬಿಟ್ಟಿದ್ದಾರೆ! ನೀವೇ ಬರೆಸಿದ್ದು ಅಂದ್ಕೊಂಡಿದ್ದಾರೆ. ನೀವು ಬಂದು ಹೇಳಿ.”

“ಬರೆದವಳು ನಾನಲ್ಲವಲ್ಲ.”

“ನಾಳೆ ಒಂದು ಸಮಾಧಾನದ ವಾಕ್ಯ ಹಾಕ್ತೀನಿ.”

“ನಾಳೆ ಅವನು ರಾಣೆಬೆನ್ನೂರಲ್ಲಿರ್ತಾನೆ.”

“ಈಗಲೇ ಒಂದು ಚೀಟಿ ಬರೆದುಕೊಡ್ಲಾ? ಎದುರೆದುರು ನನಗೆ ಮಾತು ಬರಲ್ಲ ಅಮ್ಮ. ಗಂಟಲು ಕಟ್ಟುತ್ತೆ.”

ಲೋವಿಸಮ್ಮ ಕೈ ಚಾಚಿದರು. ಸುಗಂಧಿ ಸೀಮೆಸುಣ್ಣ ಕೊಟ್ಟಳು. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ವೇದದಲ್ಲಿ, ಕಲ್ಲು ಹೊಡೆಯೋಕೆ ಅಂತ ಒಬ್ಬ ಹೆಂಗಸನ್ನ ಎಲ್ಲರ ನಡುವೆ ತಂದು ನಿಲ್ಲಿಸಿದಾಗ ಸ್ವಾಮಿ ಬಗ್ಗಿ ಬರೆದರಲ್ಲ, ಎಲ್ಲಿ ಬರೆದರು?”

“ನೆಲದ ಮೇಲೆ. ಬೆರಳಿನಿಂದ.”

“ಏನು ಬರೆದರು?”

“ಅದು ಯಾರಿಗೂ ಗೊತ್ತಿಲ್ಲ.”

“ಆಮೇಲೆ?”

“ಎಲ್ಲರೂ ಹೊರಟುಹೋದ ಮೇಲೆ ಎದ್ದು ನಿಂತು ಅವಳ ಜೊತೆ ಮಾತಾಡಿದರು.”

“ಹತ್ತೂಕಾಲು ಆಯ್ತು ನೋಡು,” ಎಂದರು ಲೋವಿಸಮ್ಮ.

ಸುಗಂಧಿ ಯೋನಪ್ಪನ ಬಾಗಿಲಿಗೆ ಮತ್ತೆ ಹೋದಳು. ಚೌಕಟ್ಟು ಹಿಡಿದುಕೊಂಡು ನಿಂತಳು.

“ಅಜ್ಜಾ, ಅದು ನಿಮಗಲ್ಲ. ಅಮ್ಮ ಬರೆಸಿದ್ದೂ ಅಲ್ಲ. ನನಗೆ ಒಬ್ಬರ ಮೇಲೆ ಸಿಟ್ಟಿತ್ತು. ಹೇಳೋಕೆ ಧೈರ್ಯ ಇರಲಿಲ್ಲ. ವೇದದ ಹಿಂದೆ ನಿಂತು ಕಲ್ಲು ಹೊಡೆದೆ. ನಿಮಗೆ ಬಿತ್ತು.”

ಯೋನಪ್ಪನ ಕಣ್ಣು ಅರಳಿತು.

“ಯಾರ ಮೇಲೆ?”

ಸುಗಂಧಿ ಬಾಯಿ ತೆರೆದಳು. ಮುಚ್ಚಿದಳು.

“ಅವರಿಗೇ ಹೇಳದೆ ನಿಮಗೆ ಹೇಗೆ ಹೇಳ್ಲಿ, ಅಜ್ಜಾ?”

ಅವನು ಟ್ರಂಕಿನ ಮೇಲೆ ಕೂತು ಅವಳನ್ನೇ ನೋಡಿದ.

“ಹಂಗಾದ್ರೆ ಮೊದಲು ಅಲ್ಲಿಗೆ ಹೋಗು. ಮುದುಕನಿಗೆ ಹೇಳೋದು ಸುಲಭ. ಅಲ್ಲಿ ಹೇಳಿ ಬಾ, ಇದು ನನ್ನ ಸಮಾಧಾನಕ್ಕೆ ಕಟ್ಟಿದ ಕತೆ ಅಲ್ಲ ಅಂತ ನಂಬ್ತೀನಿ. ಬಸ್ಸಿಗೆ ಇನ್ನೂ ಹೊತ್ತೈತೆ.”

ಅಡುಗೆಮನೆಯಲ್ಲಿ ದೀನಮ್ಮ ಒಬ್ಬಳೇ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಸುಗಂಧಿ ಎದುರಿಗೆ ಕೂತಳು.

“ಅಕ್ಕಾ, ಆ ವಾಕ್ಯ ನಿಮ್ಮ ನಾದಿನಿಗಲ್ಲ. ನಿಮಗೆ.”

ಮೊರ ನಿಂತಿತು.

“ನಾನು ನಿಮಗೊಬ್ಬರಿಗೇ ಹೇಳಿದ್ದೆ. ನೀವು ಕೂಟದಲ್ಲಿ ಹೇಳಿಬಿಟ್ರಿ.”

“ಪ್ರಾರ್ಥನೆಗೆ ಅಂತ ಹೇಳಿದೆ ಕಣವ್ವ! ಪ್ರಾರ್ಥನೆಯ ವಿಷಯ ಇದ್ರೆ ಹೇಳಿ ಅಂದ್ರು. ಒಬ್ಬರು ಬಿ.ಪಿ. ಅಂದ್ರು, ಒಬ್ಬರು ಮಂಡಿನೋವು ಅಂದ್ರು. ನನಗೆ ನೀನು ನೆನಪಾದೆ. ಇಷ್ಟು ಜನ ಬೇಡಿಕೊಂಡ್ರೆ ದೇವರು ಬೇಗ ಕೇಳ್ತಾನೆ ಅಂತ...”

“ನನ್ನ ಹೆಸರು ಹೇಳಬೇಕಿತ್ತಾ, ಅಕ್ಕಾ? ದೇವರಿಗೆ ಗೊತ್ತಿತ್ತಲ್ಲ.”

ದೀನಮ್ಮ ಅಕ್ಕಿಯೊಳಗೆ ಬೆರಳಾಡಿಸುತ್ತ ತಲೆ ತಗ್ಗಿಸಿದಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

“ನೀನು ಹಿಂದೆ ಕೂತಿದ್ದೆ ಅಂತ ನಾನು ನೋಡಲೇ ಇಲ್ಲ. ತಪ್ಪಾಯ್ತು, ಮಗಾ.”

ಆಮೇಲೆ ಥಟ್ಟನೆ ತಲೆಯೆತ್ತಿದಳು.

“ಅಯ್ಯೋ, ನಾದಿನಿಗೆ ಬೇರೆ ಕಳಿಸಿಬಿಟ್ಟೆನಲ್ಲೇ! ನಾಲ್ಕೂ!”

ಸುಗಂಧಿಗೆ ನಗು ತಡೆಯಲಾಗಲಿಲ್ಲ. ದೀನಮ್ಮ ಅಳುತ್ತಲೇ ನಕ್ಕಳು. ಮೊರದಿಂದ ಒಂದಿಷ್ಟು ಅಕ್ಕಿ ನೆಲಕ್ಕೆ ಬಿತ್ತು. ಇಬ್ಬರೂ ಕೂತು ಆರಿಸಿದರು.

“ನಾನೂ ಹಾಗೆ ಊರಿಗೆಲ್ಲ ಕಾಣೋ ಹಾಗೆ ಬರೀಬಾರದಿತ್ತು, ಅಕ್ಕಾ.”

“ಇನ್ನು ಮೇಲೆ ಸಿಟ್ಟು ಬಂದ್ರೆ ಇಲ್ಲಿಗೇ ಬಾ. ಬೈದು ಹೋಗು. ಟೀ ಮಾಡ್ಕೊಡ್ತೀನಿ.”

ಸುಗಂಧಿ ಯೋನಪ್ಪನಿಗೆ “ಹೇಳಿ ಬಂದೆ, ಅಜ್ಜಾ” ಎಂದು ತಿಳಿಸಿದ ಸ್ವಲ್ಪ ಹೊತ್ತಿಗೆ ಹನ್ನೊಂದರ ಬಸ್ಸು ಗೇಟಿನ ಮುಂದೆ ನಿಂತಿತು. ಯೋನಪ್ಪ ಟ್ರಂಕಿಲ್ಲದೆ ಬಂದ. ಫುಟ್‌ಬೋರ್ಡಿನ ಪಕ್ಕ ನಿಂತು ಕಂಡಕ್ಟರನ ಹೆಂಡತಿಯ ಬಾಣಂತನದ ಬಗ್ಗೆ ಕೇಳತೊಡಗಿದ. ಮಗು ಹೆಣ್ಣೋ ಗಂಡೋ, ತೂಕ ಎಷ್ಟು, ಹೆಸರು ಯಾರು ಇಡುವುದು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. “ಯಜಮಾನ್ರೇ, ಹತ್ತೋದಿದ್ರೆ ಹತ್ತಿ, ಇಲ್ಲ ನಮ್ಮನ್ನ ಬಿಡಿ!” ಎಂದು ಕೂಗಿದ.

ಯೋನಪ್ಪ ಬಸ್ಸಿನ ಮೈ ತಟ್ಟಿ ಕಳಿಸಿಕೊಟ್ಟ.

ಮಧ್ಯಾಹ್ನ ಲೋವಿಸಮ್ಮ ಹೊಳೆಯ ಮೆಟ್ಟಿಲ ಮೇಲೆ ಕಾಲು ನೀರಿಗೆ ಬಿಟ್ಟು ಕೂತಿದ್ದರು. ಸುಗಂಧಿ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು.

“ಗಂಟಲು ಕಟ್ಟಿತಾ?”

“ಕಟ್ತು. ಆದ್ರೂ ಮಾತು ಬಂತು.”

ಇಬ್ಬರೂ ನೀರು ನೋಡುತ್ತ ಕೂತರು. ಸುಗಂಧಿಯ ಮನಸ್ಸು ಹಗುರಾಗಿತ್ತು. ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

“ಅಮ್ಮ, ನಾನು ಸಿಟ್ಟಲ್ಲಿ ಬರೀತಿದೀನಿ ಅಂತ ನಿಮಗೆ ಮೊದಲ ದಿನವೇ ಗೊತ್ತಾಗಿತ್ತಾ?”

“ಗೊತ್ತಾಗಿತ್ತು.”

“ಮತ್ತೆ ಅವತ್ತೇ ಯಾಕೆ ಕರೆದು ಹೇಳಲಿಲ್ಲ?”

ಲೋವಿಸಮ್ಮ ನೀರಿನಿಂದ ಕಾಲು ಎತ್ತಿ, ಸೀರೆಯ ಅಂಚು ಹಿಂಡಿದರು.

“ನನಗೂ ಧೈರ್ಯ ಬರೋಕೆ ನಾಲ್ಕು ದಿನ ಹಿಡೀತು, ಮಗಳೇ.”